ಹಳೇ ಕಂಪ್ಯೂಟರು, ಹಳೇ ಮೋಟರ್‌ಮನ್ನು

೨೦೧೬ನೆಯ ಇಸವಿ. ನನಗಾಗ ನಲವತ್ತನಾಲ್ಕು ವರ್ಷ. ಆ ವರ್ಷ ಶಾಲೆ ಪುನಃ ಆರಂಭವಾಗುವ ಮುನ್ನಾ ದಿನ, ನನಗೇ ತಿಳಿಯದಂತೆ ನಾನೊಂದು ಗೇಮಿಂಗ್ ಕಂಪ್ಯೂಟರಿನ ಒಡೆಯನಾದೆ.

ಉತ್ಪ್ರೇಕ್ಷೆಯಲ್ಲ. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿರುವ ಅಂಗಡಿಯೊಂದಕ್ಕೆ ಹೋಗಿ, ಕನ್ನಡ ಪ್ರಶ್ನೆಪತ್ರಿಕೆ ಟೈಪು ಮಾಡಲು ಒಂದು ಕಂಪ್ಯೂಟರು ಬೇಕು ಎಂದೆ. ಎರಡು ಷರತ್ತು ಹಾಕಿದೆ. ವಾಕ್ಯದ ನಡುವೆ ಹ್ಯಾಂಗ್ ಆಗಬಾರದು. ಹತ್ತು ವರ್ಷ ಬದಲಾಯಿಸುವ ಪ್ರಸಂಗ ಬರಬಾರದು. ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮಾಸ್ತರ್ ಆಹಾತ್ ಕಾ?" ಎಂದ. ಹೌದು, ಮೇಷ್ಟ್ರು ಎಂದೆ. ಅಷ್ಟರಲ್ಲೇ ಅವನಿಗೆ ಎಲ್ಲವೂ ಅರ್ಥವಾಗಿರಬೇಕು. ಮನೆಗೆ ಬಂದಿಳಿದ ಕಪ್ಪು ಪೆಟ್ಟಿಗೆಯ ಮುಂಭಾಗದ ಜಾಲರಿಯ ಹಿಂದೆ ಮೂರು ಫ್ಯಾನು. ಮೂರರಲ್ಲೂ ಕೆಂಪು, ಹಸಿರು, ನೀಲಿ ದೀಪ.

ನನ್ನ ಹೆಂಡತಿ ವಿನಯಾ ಉಡುಪಿ ಕಡೆಯವಳು. ಸ್ವಿಚ್ ಒತ್ತಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದಳು. "ಎಂಥದು ಮಾರಾಯ್ರೇ ಇದು? ಪ್ರಶ್ನೆಪತ್ರಿಕೆ ಬರೀಲಿಕ್ಕೆ ಇಷ್ಟು ಲೈಟಾ? ಇನ್ನು ಚಂಡೆಯವರೊಬ್ಬರು ಬಂದು ಕೂತರೆ ಆಟ ಸುರು ಮಾಡ್ಬಹುದು!"

ಆಟ ಶುರುವಾಗಲು ಐದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಆ ಬಲಶಾಲಿ ಗ್ರಾಫಿಕ್ಸ್ ಕಾರ್ಡು ಸಂಧಿ, ಸಮಾಸ, ಅಲಂಕಾರಗಳ ಸೇವೆಯಲ್ಲೇ ಕಾಲ ಕಳೆಯಿತು. (ಆನೆಯಿಂದ ಹೂ ಕಟ್ಟಿಸಿದ ಹಾಗೆ ಎಂದು ನೀವು ನಗಬಹುದು. ಆದರೆ ಪ್ರಶ್ನೆಪತ್ರಿಕೆ ಒಂದು ದಿನವೂ ಹ್ಯಾಂಗ್ ಆಗಲಿಲ್ಲ.) ಆಮೇಲೆ ನಮ್ಮ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಬೆಂಚುಗಳಿಗಿಂತ ಮಕ್ಕಳು ಕಡಿಮೆಯಾದರು. ನಾನು ಸ್ವಯಂನಿವೃತ್ತಿ ತೆಗೆದುಕೊಂಡೆ. ಕಂಪ್ಯೂಟರಿಗೂ ಕೆಲಸ ಇಲ್ಲವಾಯಿತು. ಅದಕ್ಕೆ ಮತ್ತೆ ನೌಕರಿ ಕೊಟ್ಟವರು ನನ್ನ ಶಿವಪ್ಪ ಭಾವ.

ಶಿವಪ್ಪ ಭಾವ ಎಂದರೆ ನನ್ನ ಅಕ್ಕನ ಗಂಡ. ಗದಗಿನ ಕಡೆಯವರು; ಈಗ ಟಿಟ್ವಾಳಾದಲ್ಲಿ ವಾಸ. ವೃತ್ತಿಯಿಂದ ಮೋಟರ್‌ಮನ್. ಇಪ್ಪತ್ತಾರು ವರ್ಷ ನಮ್ಮ ಲೈನಿನಲ್ಲಿ ಲೋಕಲ್ ರೈಲು ಓಡಿಸಿದವರು. ನಿವೃತ್ತಿಗೆ ಮೂರು ವರ್ಷ ಇರುವಾಗ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದರು. ಮೋಟರ್‌ಮನ್ನನ ಕೊನೆಯ ಟ್ರಿಪ್ಪು ಎಂದರೆ ಒಂದು ಸಣ್ಣ ಮದುವೆ ಇದ್ದ ಹಾಗೆ. ಕ್ಯಾಬಿಗೆ ಹೂವಿನ ಮಾಲೆ ಕಟ್ಟುತ್ತಾರೆ, ಪ್ಲಾಟ್‌ಫಾರ್ಮಿನಲ್ಲಿ ಪೇಢೆ ಹಂಚುತ್ತಾರೆ, ಹೆಂಡತಿ ಮಕ್ಕಳು ಬಂದು ನಿಂತಿರುತ್ತಾರೆ. ಭಾವನವರಿಗೆ ಅದು ಸಿಗಲಿಲ್ಲ. ಒಂದು ಮಂಗಳವಾರ ಎಂದಿನಂತೆ ಗಾಡಿ ತಂದು ನಿಲ್ಲಿಸಿದರು. ಬುಧವಾರ ಕಾಗದ ಬಂತು. ಮಂಗಳವಾರದ್ದೇ ಕೊನೆಯ ಟ್ರಿಪ್ಪಾಗಿತ್ತೆಂಬುದು ಅವರಿಗೆ ತಿಳಿದದ್ದು ಬುಧವಾರ. ಉಳಿದ ಮೂರು ವರ್ಷ ಮೇಜು, ಕುರ್ಚಿ, ಫೈಲು.

ಹಾಗಾಗಿ, ರೈಲು ಓಡಿಸುವ ಒಂದು ಕಂಪ್ಯೂಟರ್ ಆಟವಿದೆಯೆಂದು ಎಲ್ಲೋ ಓದಿದಾಗ ನಾನು ಅದನ್ನು ಹಾಕಿಸಿದೆ. ಯಾರೋ ಪುಣ್ಯಾತ್ಮ ಹವ್ಯಾಸಿ ನಮ್ಮ ಲೈನನ್ನೇ ಹೋಲುವ ರೂಟೊಂದನ್ನು ಅದರಲ್ಲಿ ಕಟ್ಟಿಟ್ಟಿದ್ದಾನೆ. ಕಲ್ಯಾಣ್, ಠಾಕುರ್ಲಿ, ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ. ಎಲ್ಲವೂ ಇವೆ. (ಪ್ಲಾಟ್‌ಫಾರ್ಮಿನಲ್ಲಿ ಜನ ಮಾತ್ರ ಸಾಲದು. ಆ ಹವ್ಯಾಸಿ ಬೆಳಗಿನ ಒಂಬತ್ತಕ್ಕೆ ದಿವಾ ಸ್ಟೇಷನ್ ನೋಡಿದವನಲ್ಲ.)

ಅಂದಿನಿಂದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಭಾವ ನಮ್ಮ ಮನೆಯಲ್ಲಿ ಡ್ಯೂಟಿಗೆ ಹಾಜರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಪ್ಯಾಂಟು. ಒಮ್ಮೆ ವಿನಯಾ, "ಭಾವಾ, ಮನೆಯೇ ಅಲ್ವಾ, ಲುಂಗಿ ಉಟ್ಟು ಆರಾಮ ಕೂತ್ಕೊಳ್ಳಿ" ಎಂದಳು. ಭಾವನವರ ಹುಬ್ಬು ಮೇಲೇರಿತು. "ಲುಂಗಿ ಉಟ್ಕೊಂಡು ಯಾವ ಮೋಟರ್‌ಮನ್ ಗಾಡಿ ಓಡಸ್ತಾನವಾ?"

ಕಲ್ಯಾಣದಿಂದ ಠಾಣೆಯವರೆಗೆ ಚಹಾ ಇಲ್ಲ. ಮಾತಿಲ್ಲ. ನಾನು ಗಾರ್ಡು. ಕೈಯಲ್ಲೊಂದು ಸ್ಟೀಲ್ ಲೋಟ, ಒಂದು ಚಮಚ. ಪ್ರತಿ ಸ್ಟೇಷನ್ನಿನಲ್ಲಿ ನಾನು ಲೋಟವನ್ನು ಎರಡು ಸಲ ಬಾರಿಸಬೇಕು. ಆಗಲೇ ಗಾಡಿ ಹೊರಡುವುದು. ಒಂದು ಸಲ ಮೂರು ಬಾರಿಸಿಬಿಟ್ಟೆ. "ಮಾಸ್ತರ, ನೀ ಕನ್ನಡಾ ಕಲಸಾಕ ಲಾಯಕ್ಕು" ಎಂದರು. ಗಾಡಿ ಬಿಡಲಿಲ್ಲ.

ಇಷ್ಟೆಲ್ಲ ಚೆನ್ನಾಗಿತ್ತು. ಕಳೆದ ದಸರಾ ಮುಗಿದ ಮೇಲಿನ ಭಾನುವಾರ ಕೆಟ್ಟಿತು.

ಮುಂಬ್ರಾದವರೆಗೆ ಗಾಡಿ ನೀರು ಹರಿದಂತೆ ಹೋಯಿತು. ಅಲ್ಲಿಂದ ಮುಂದೆ ಚಿತ್ರ ತಡವರಿಸತೊಡಗಿತು. ಕಳವಾ ಸ್ಟೇಷನ್ ಕಾಣಿಸಿತು, ಭಾವ ಬ್ರೇಕು ಹಾಕಿದರು, ಚಿತ್ರ ಅರೆಕ್ಷಣ ನಿಂತಲ್ಲೇ ನಿಂತಿತು. ಮತ್ತೆ ಚಲಿಸಿದಾಗ ಹನ್ನೆರಡು ಡಬ್ಬಿಯ ಗಾಡಿ ನಿಲ್ಲಬೇಕಾದ ಬೋರ್ಡು ಹಿಂದೆ ಹೋಗಿತ್ತು. ಎರಡು ಡಬ್ಬಿ ಪ್ಲಾಟ್‌ಫಾರ್ಮಿನ ಆಚೆ. ಮರುವಾರ ನಾಲ್ಕು ಡಬ್ಬಿ ಆಚೆ. ಅದೇ ಕಳವಾ. ಪ್ಲಾಟ್‌ಫಾರ್ಮಿನ ಮೇಲೆ ನಿಂತ ಆಟದ ಜನಕ್ಕೆ ಬೈಯಲು ಬಾಯಿಲ್ಲ. ಆದರೂ ಭಾವ ಬೈಸಿಕೊಂಡವರ ಹಾಗೆ ಕುಳಿತುಬಿಟ್ಟರು.

"ಕಂಪ್ಯೂಟರ್ ಹಳೆಯದಾಯಿತು, ಭಾವಾ" ಎಂದೆ.

ಅದೇ ಹೊತ್ತಿಗೆ ಪರದೆಯ ಮೇಲೊಂದು ಸೂಚನೆ ಮೂಡಬೇಕೇ? ಹೊಸ ವಿಂಡೋಸಿಗೆ ನಿಮ್ಮ ಈ ಕಂಪ್ಯೂಟರು ಅರ್ಹವಲ್ಲ, ಎಂದು. ಭಾವ ಕನ್ನಡಕ ಹಣೆಗೇರಿಸಿ ಅದನ್ನು ಪೂರ್ತಿ ಓದಿದರು. ಅರ್ಥ ಹೇಳೆಂದರು. ಹೇಳಿದೆ.

"ನನಗೂ ಇಂಥಾದ ಒಂದು ಕಾಗದಾ ಕೊಟ್ಟಿದ್ರು" ಎಂದರು.

ಅದರ ಮುಂದಿನ ಭಾನುವಾರ ಅವರು ಬರಲಿಲ್ಲ. ದೀಪಾವಳಿಯ ಸಂತೆ ಇದೆ ಎಂದರು. ನಾನು ನಂಬಿದೆ. ನಂಬಿ, ನನಗೆ ಬರುವ ಕೆಲಸಕ್ಕೆ ಕೈಹಾಕಿದೆ. ಈ ಅಂಕಣದ ಹಳೆಯ ಓದುಗರಿಗೆ ನನ್ನ ಕೋಷ್ಟಕಗಳ ಚಟ ಗೊತ್ತು. ಫುಲ್‌ಸ್ಕೇಪ್ ಹಾಳೆ, ಸ್ಕೇಲು, ಕೆಂಪು ಶಾಯಿ. ನಡುವೆ ಒಂದು ಗೆರೆ. ಎಡಕ್ಕೆ "ಮೇಲ್ದರ್ಜೆಗೇರಿಸುವುದು", ಬಲಕ್ಕೆ "ಬದಲಾಯಿಸುವುದು". ಎಡದಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡು, ಹೆಚ್ಚು ರ‍್ಯಾಮು. ಆದರೆ ಹಳೆಯ ಮದರ್‌ಬೋರ್ಡು ಅದನ್ನೆಲ್ಲ ಒಪ್ಪೀತೇ? ಬಲದಲ್ಲಿ ಎಲ್ಲವೂ ಹೊಸದು. ಆದರೆ ಆ ಹವ್ಯಾಸಿಯ ಹಳೆಯ ರೂಟು ಹೊಸ ಯಂತ್ರದಲ್ಲಿ ಓಡೀತೇ? ಮೂರು ದಿನ ಕೂತು ಎರಡೂ ಕಡೆ ಹದಿನಾಲ್ಕು ಹದಿನಾಲ್ಕು ಅಂಶ ಬರೆದೆ. ಸಮಸಮ. ಕೋಷ್ಟಕ ಸುಂದರವಾಗಿತ್ತು. ಉತ್ತರ ಇರಲಿಲ್ಲ.

ಅಷ್ಟೇ ಅಲ್ಲ, ನನ್ನದೊಂದು ಸಿದ್ಧಾಂತವೂ ತಯಾರಾಯಿತು. ಗಾಡಿ ಕಳವಾದಲ್ಲೇ ಏಕೆ ಎಡವುತ್ತದೆ? ಕಳವಾ ಎಂದರೆ ಒತ್ತೊತ್ತಾದ ಮನೆ, ಚಾಳು, ಲೋಕಲ್ ಗಾಡಿ ನಿಲ್ಲಿಸುವ ಕಾರ್‌ಶೆಡ್ಡು. ಇಷ್ಟೊಂದು ಮನೆಗಳನ್ನು ಬಿಡಿಸುವ ತ್ರಾಣ ಈ ಗ್ರಾಫಿಕ್ಸ್ ಕಾರ್ಡಿಗೆ ಇಲ್ಲ! ತರ್ಕಬದ್ಧವಾಗಿದೆಯಲ್ಲವೇ? ವಿನಯಾಳ ಮುಂದೆ ಮಂಡಿಸಿದೆ. ಅವಳು ಬಂಗುಡೆ ತೊಳೆಯುತ್ತ, "ಹೌದೌದು, ಕಳವಾದವರು ಮನೆ ಖಾಲಿ ಮಾಡಿದ್ರೆ ಸರಿಯಾಗ್ತದೆ" ಎಂದಳು.

ದೀಪಾವಳಿ ಮುಗಿದ ಭಾನುವಾರ ಭಾವನವರನ್ನು ಒತ್ತಾಯದಿಂದ ಘೋಡಬಂದರ್ ರಸ್ತೆಯ ಮಾಲ್ ಒಂದಕ್ಕೆ ಕರೆದೊಯ್ದೆ. ಅಲ್ಲಿ ಬರೀ ಗೇಮಿಂಗ್ ಕಂಪ್ಯೂಟರುಗಳದ್ದೇ ಶೋರೂಮು. ಒಳಗೆ ಕತ್ತಲೆ, ಎಲ್ಲ ಕಡೆ ನೇರಳೆ ಬೆಳಕು. ಟೀ ಶರ್ಟಿನ ಸೇಲ್ಸ್‌ಮನ್ ನಮ್ಮಿಬ್ಬರ ನರೆತ ತಲೆ ನೋಡಿ ನನಗಿಂತ ಬಿಳಿ ಅಂಗಿಯವರೇ ಗಿರಾಕಿ ಎಂದು ಸರಿಯಾಗಿಯೇ ಊಹಿಸಿದ.

"ಅಂಕಲ್, ಆಪ್ ಕೌನ್‌ಸಾ ಗೇಮ್ ಖೇಲ್ತೇ ಹೋ?"

"ಲೋಕಲ್ ಚಲಾತಾ ಹೂಂ" ಎಂದರು ಭಾವ. "ಸ್ಲೋ ಲೋಕಲ್. ಕಲ್ಯಾಣ್ ಸೇ ಠಾಣೆ."

ಆತ ಸ್ವಲ್ಪ ಹೊತ್ತು ಯೋಚಿಸಿದ. "ಅಂಕಲ್, ವೋ ತೋ ಸಚ್ಚಿ ಮೇಂ ಜಾತೀ ಹೈ ನಾ? ಹರ್ ಪಾಂಚ್ ಮಿನಿಟ್ ಮೇಂ?"

ಐದೈದು ನಿಮಿಷಕ್ಕೆ ನಿಜವಾಗಿಯೇ ಓಡುವ ಗಾಡಿಯಲ್ಲವೇ ಅದು ಎಂಬ ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಆತ ನಮ್ಮನ್ನು ಅಲ್ಲಿದ್ದ ಅತ್ಯುತ್ತಮ ಯಂತ್ರದ ಮುಂದೆ ಕೂರಿಸಿ ಒಂದು ಕಾರ್ ರೇಸು ಹಾಕಿ ತೋರಿಸಿದ. ಕಾರು ಬಾಣದಂತೆ ಹೋಯಿತು. ಎಲೆ ಎಲೆಯೂ ಕಾಣುತ್ತಿತ್ತು. ನಾನು ಮನಸ್ಸಿನಲ್ಲೇ ಬಲಗಡೆಯ ಕಾಲಂಗೆ ಹದಿನೈದನೆಯ ಅಂಶ ಸೇರಿಸಿದೆ. ಭಾವ ಮಾತ್ರ, "ಇದು ನಿಂದ್ರೂದೆಲ್ಲಿ?" ಎಂದರು. ಅನುವಾದಿಸಿದೆ. "ರುಕ್ನಾ ನಹೀಂ ಹೈ ಅಂಕಲ್, ಭಗಾನಾ ಹೈ!" ಎಂದು ಆತ ನಕ್ಕ. ಭಾವ ಎದ್ದು ನಿಂತರು. "ಓಡಸೂದು ಯಾರರೆ ಓಡಸ್ತಾರ. ನಿಂದ್ರಸೂದಕ್ಕ ನಮಗ ಪಗಾರಾ ಕೊಡ್ತಿದ್ರು."

ಹಿಂತಿರುಗುವಾಗ ಬಸ್ಸಿನಲ್ಲಿ ಭಾವ ಕಿಟಕಿಯ ಪಕ್ಕ ಕೂತರು. ಹೊರಗೇ ನೋಡುತ್ತ ಹೇಳಿದರು.

"ಹೊಸಾದು ಬ್ಯಾಡೋ ಮಾಸ್ತರ. ಹೊಸಾ ಗಾಡಿ ತಂದ್ರ ಮೋಟರ್‌ಮನ್ ಹೊಸಾಂವ ಆಗ್ತಾನೇನು?"

"ತಪ್ಪು ಯಂತ್ರದ್ದು, ಭಾವಾ. ನಿಮ್ಮದಲ್ಲ."

"ಅದು ಹಳೇದಿರೂತನಾ ಹಂಗ ಅನಬಹುದು. ಹೊಸಾದ್ರಾಗೂ ಕಳವಾ ದಾಟಿ ಹೋತಂದ್ರ? ಆಮ್ಯಾಲ ಯಾರ ಮ್ಯಾಲ ಹಾಕ್ಲಿ?"

ನನ್ನ ಕೋಷ್ಟಕದ ಇಪ್ಪತ್ತೆಂಟು ಅಂಶಗಳಲ್ಲಿ ಇದು ಎಲ್ಲಿಯೂ ಇರಲಿಲ್ಲ. ನಾನು ಯಂತ್ರದ ತೀರ್ಮಾನಕ್ಕೆ ಅಲೆಯುತ್ತಿದ್ದೆ. ಅವರಿಗೆ ಅದು ಎರಡನೆಯ ಮೆಡಿಕಲ್ ಪರೀಕ್ಷೆಯಾಗಿತ್ತು.

ಮುಂದಿನ ಭಾನುವಾರವೂ ಭಾವ ಬರಲಿಲ್ಲ. ಅಕ್ಕನ ಫೋನು ಬಂತು.

"ಏನ್ ಮಾಡೀಯೋ ತಮ್ಮಾ ಇವರಿಗೆ? ಮುಂಜಾನಿಂದ ಗ್ಯಾಲರಿಯೊಳಗ ನಿಂತಾರ. ಒಂದು ಕಣ್ಣ ಮುಚ್ಚಿ ಎದುರಿನ ಬಿಲ್ಡಿಂಗಿನ ಬೋರ್ಡ್ ಓದ್ತಾರ, ಮತ್ತ ಇನ್ನೊಂದು ಕಣ್ಣ ಮುಚ್ಚಿ ಓದ್ತಾರ."

"ಓದಲಿಕ್ಕೆ ಆಗುತ್ತಿದೆಯಲ್ಲ ಅಕ್ಕಾ? ಒಳ್ಳೆಯದೇ ಆಯಿತು."

"ಏನ್ ಛಲೋ? ಆ ಬೋರ್ಡ್ ಬಾಯಿಪಾಠ ಆಗೇತಿ, ಅದಕ್ಕ ನಂಬಿಕಿ ಇಲ್ಲಂತ! ಈಗ ಬ್ಯಾರೆ ಬೋರ್ಡ್ ಹುಡಕ್ಕೊಂಡು ರಸ್ತೇಕ್ಕ ಹೋಗ್ಯಾರ. ಉಪ್ಪಿಟ್ಟು ಆರಿ ತಣ್ಣಗಾತು."

ಅಂದೇ ನಿರ್ಧರಿಸಿದೆ. ಎಡಗಡೆಯ ಕಾಲಂ! ಹಳೆಯ ಪೆಟ್ಟಿಗೆಗೇ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸುವುದು. ಸೋಮವಾರ ಪೆಟ್ಟಿಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು, ಡೊಂಬಿವಲಿಯ ಪಶ್ಚಿಮದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಿಂದೆ ತಾಯಿಯ ಅಂಗಡಿಗೆ ಹೋದೆ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ; ಶಿಂದೆ ತಾಯಿಗೆ ನನ್ನಷ್ಟೇ ವಯಸ್ಸು. ಮಾತು ಕಡಿಮೆ. ನಾನು ಕೋಷ್ಟಕವನ್ನು ಅವರ ಮೇಜಿನ ಮೇಲೆ ಹರಡಿ ಮರಾಠಿಯಲ್ಲಿ ವಿವರಿಸತೊಡಗಿದೆ. ಅವರು ಹಾಳೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಸ್ಕ್ರೂಡ್ರೈವರ್ ಎತ್ತಿಕೊಂಡರು.

ಪೆಟ್ಟಿಗೆಯ ಬಾಗಿಲು ತೆಗೆದು ಒಳಗೆ ನೋಡಿದವರು ಹಾಗೆಯೇ ನಿಂತರು. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಬಲಗೈಯಿಂದ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಸರ್, ಹೇ ದೇವಘರ್ ಆಹೇ ಕಾ?"

ಇಣುಕಿದೆ. ದೇವರ ಮನೆಯೇ ಸರಿ. ಒಳಗಿನ ಫ್ಯಾನುಗಳ ರೆಕ್ಕೆಗೆ ಕುಂಕುಮ. ಪ್ರಾಸೆಸರಿನ ತಲೆಯ ಮೇಲೆ ಅದನ್ನು ತಂಪಾಗಿಡುವ ಲೋಹದ ಪಟ್ಟಿಗಳಿರುತ್ತವೆಯಂತೆ. ಆ ಪಟ್ಟಿಗಳ ನಡುವೆ ಅರಿಶಿನ, ಊದಿನಕಡ್ಡಿಯ ಬೂದಿ, ಕರ್ಪೂರದ ಮಸಿ ಎಲ್ಲ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ತಳದಲ್ಲಿ ಒಂದು ಹಿಡಿ ಅಕ್ಷತೆ. ಚೆಂಡುಹೂವಿನ ಒಣ ದಳ. ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊಚ್ಚಹೊಸದಾಗಿ ಕಾಣುವ ಕೆಂಪು ಪದರ.

ಓದುಗರೇ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಖಂಡೇಪೂಜೆಯ ದಿನ, ಎಂದರೆ ದಸರೆಯ ಆಯುಧಪೂಜೆಯಂದು, ನಮ್ಮ ಮನೆಯಲ್ಲಿ ಚಾಕುವಿನಿಂದ ಮಿಕ್ಸರಿನವರೆಗೆ ಎಲ್ಲಕ್ಕೂ ಪೂಜೆಯುಂಟು. ಕಂಪ್ಯೂಟರಿಗೂ ಉಂಟು. ಮಾಡುವವನು ನಾನು. ಕ್ರಮ ತಪ್ಪಿಸುವವನಲ್ಲ: ಅರಿಶಿನ, ಕುಂಕುಮ, ಅಕ್ಷತೆ, ಹೂವು, ಊದಿನಕಡ್ಡಿ, ಕರ್ಪೂರದಾರತಿ. ಉಳಿದವರು ಪೂಜೆಗೆ ಯಂತ್ರವನ್ನು ಬಂದ್ ಮಾಡಿ ಇಡುತ್ತಾರೆ. ನಾನು ಹಾಗಲ್ಲ. ಆ ಮೂರು ಬಣ್ಣದ ದೀಪ ಉರಿಯುತ್ತಿದ್ದರೆ ಪೂಜೆಗೆ ಕಳೆ ಹೆಚ್ಚು ಎಂದು ವರ್ಷವರ್ಷವೂ ಅದನ್ನು ಚಾಲೂ ಮಾಡಿ, ಮುಂದಿನ ಜಾಲರಿಗೆ ಭಕ್ತಿಯಿಂದ ಕುಂಕುಮ ಏರಿಸಿದ್ದೇನೆ. ಏರಿಸಿದ ಕುಂಕುಮ ಮರುಕ್ಷಣ ಮಾಯವಾಗುತ್ತಿತ್ತು. ಸ್ವೀಕಾರವಾಯಿತೆಂದು ಭಾವಿಸಿ ಇನ್ನಷ್ಟು ಏರಿಸುತ್ತಿದ್ದೆ. ಅದು ಗಾಳಿ ಒಳಗೆಳೆಯುವ ಫ್ಯಾನೆಂದು ನನಗೆ ಯಾರು ಹೇಳಬೇಕಿತ್ತು? ಹತ್ತು ಖಂಡೇಪೂಜೆ. ಈ ವರ್ಷ ಹತ್ತನೆಯದೆಂದು ಎರಡು ಹಿಡಿ ಹೆಚ್ಚಿಗೆ.

ಶಿಂದೆ ತಾಯಿ ಶಾಂತವಾಗಿ ವಿವರಿಸಿದರು. ಯಂತ್ರ ಮುಂದಿನಿಂದ ಉಸಿರಾಡುತ್ತದೆ. ಉಸಿರು ಕಟ್ಟಿದರೆ ಬಿಸಿಯಾಗುತ್ತದೆ. ಹೆಚ್ಚು ಬಿಸಿಯಾದರೆ, ಸುಟ್ಟುಹೋಗಬಾರದೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. "ಎಷ್ಟು ಹೊತ್ತಿಗೆ ನಿಧಾನವಾಗುತ್ತೆ?" ಎಂದು ಕೇಳಿದರು. ಕಲ್ಯಾಣ್ ಬಿಟ್ಟು ಇಪ್ಪತ್ತು ಇಪ್ಪತ್ತೆರಡು ನಿಮಿಷಕ್ಕೆ ಎಂದೆ. ಹೇಳುತ್ತಿದ್ದಂತೆ ನನಗೇ ಹೊಳೆಯಿತು. ಇಪ್ಪತ್ತೆರಡು ನಿಮಿಷಕ್ಕೆ ಗಾಡಿ ಇರುವುದೇ ಮುಂಬ್ರಾ ದಾಟಿ. ಪಾಪ, ಕಳವಾದವರನ್ನು ಸುಮ್ಮನೆ ದೂರಿದೆ.

ಅವರು ಬ್ಲೋಯರ್ ಹಿಡಿದಾಗ ಅಂಗಡಿಯ ಮುಂದೆ ಹೋಳಿಹಬ್ಬ. ಎದುರಿನ ಅಂಗಡಿಯವರು ಹೊರಬಂದು ನೋಡಿದರು.

ಮನೆಯಲ್ಲಿ ವರದಿ ಒಪ್ಪಿಸಿದೆ. ವಿನಯಾ ನಗಲಿಲ್ಲ. ನಗದಿರುವುದು ಹೆಚ್ಚು ಅಪಾಯಕಾರಿ. "ಮೇಲ್ದರ್ಜೆಗೇರಿಸುವುದು ಒಂದು, ಬದಲಾಯಿಸುವುದು ಒಂದು. ಒಮ್ಮೆ ಬಿಚ್ಚಿ ನೋಡುವುದು ಅಂತ ಮೂರನೇ ಕಾಲಂ ಹಾಕ್ಲಿಕ್ಕೆ ಹಾಳೆಯಲ್ಲಿ ಜಾಗ ಇರ್ಲಿಲ್ವಾ, ಮೇಷ್ಟ್ರೇ?"

ಜಾಗವಿತ್ತು. ಆದರೆ ಹೇಳಿ, ನಿಮ್ಮ ಹಾಳೆಯಲ್ಲಾದರೂ ಆ ಮೂರನೆಯ ಗೆರೆ ಇದೆಯೇ? ಮಿಕ್ಸರು ಗೊರಗುಟ್ಟಿತು, ಬದಲಾಯಿಸಿ. ಫೋನು ನಿಧಾನವಾಯಿತು, ಬದಲಾಯಿಸಿ. ಮನುಷ್ಯ ನಿಧಾನವಾದ, ಕಾಗದ ಕೊಡಿ. ನಿಧಾನವಾದದ್ದರ ಬಾಗಿಲು ತೆಗೆದು, ಒಳಗೆ ನಾವೇ ತುಂಬಿದ್ದೇನು ಎಂದು ನೋಡುವ ವ್ಯವಧಾನ ಯಾರಿಗಿದೆ? (ಪಾಠ ಮಾಡುವ ರೋಗ. ನಿವೃತ್ತಿಗೂ ಹೋಗುವುದಿಲ್ಲ. ಕ್ಷಮಿಸಿ.)

ಭಾವನವರಿಗೆ ಫೋನು ಮಾಡಿದೆ. "ಭಾವಾ, ತಪ್ಪು ನಿಮ್ಮ ಕಣ್ಣಿನದಲ್ಲ, ನನ್ನ ಕುಂಕುಮದ್ದು." ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ಉತ್ತರ ಬಂತು, "ನನಗ ಸಮಾಧಾನ ಹೇಳಾಕ ಇಷ್ಟು ದೊಡ್ಡ ಕಥಿ ಕಟ್ಟಬ್ಯಾಡೋ ಮಾಸ್ತರ."

"ಕಥೆಯಲ್ಲ ಭಾವಾ, ಅಕ್ಷತೆ ಎತ್ತಿಟ್ಟಿದ್ದೇನೆ, ಬಂದು ನೋಡಿ!"

"ಅಕ್ಷತಿ ನೋಡಿ ಏನ್ ಮಾಡ್ಲಿ? ಗಾಡಿ ನೋಡೂಣು."

ಭಾನುವಾರ ಹತ್ತಕ್ಕೆ ಬಂದರು. ಇಸ್ತ್ರಿಯ ಬಿಳಿ ಅಂಗಿ. ಅಕ್ಷತೆಯ ಡಬ್ಬಿಯತ್ತ ಕಣ್ಣೂ ಹಾಯಿಸಲಿಲ್ಲ. ಕುರ್ಚಿಯನ್ನು ಒಂದಿಷ್ಟು ಮುಂದೆಳೆದುಕೊಂಡು ಕೂತರು. ನಾನು ಲೋಟ ಬಾರಿಸಿದೆ, ಎಣಿಸಿ ಎರಡು ಸಲ. ಠಾಕುರ್ಲಿ. ಡೊಂಬಿವಲಿ. ಕೋಪರ್. ಎಲ್ಲ ಕಡೆ ಕ್ಯಾಬಿನ ಕಿಟಕಿ ಬೋರ್ಡಿಗೆ ಸರಿಸಮ. ದಿವಾ. ಮುಂಬ್ರಾ. ವಿನಯಾ ಅಡುಗೆಮನೆಯಿಂದ ಬಂದು ಬಾಗಿಲಿಗೊರಗಿ ನಿಂತಳು. ಇಪ್ಪತ್ತೆರಡನೆಯ ನಿಮಿಷ ಕಳೆಯಿತು. ಚಿತ್ರ ತಡವರಿಸಲಿಲ್ಲ. ಒಂದು ಕಂಬವೂ ಅಲುಗಲಿಲ್ಲ. ಕಳವಾ ಸ್ಟೇಷನ್ ನುಣುಪಾಗಿ ಹತ್ತಿರ ಬಂತು. ಭಾವ ಬ್ರೇಕು ಹಾಕಿದರು.

ಗಾಡಿ ಬೋರ್ಡು ದಾಟಿ ನಿಂತಿತು. ನಾಲ್ಕು ಡಬ್ಬಿಯಲ್ಲ, ಎರಡೂ ಅಲ್ಲ. ಒಂದು ಬಾಗಿಲಿನಷ್ಟು.

ನಾನು ಚಮಚ ಹಿಡಿದು ಕಲ್ಲಾದೆ. ಈಗ ದೂರಲು ಯಂತ್ರವೂ ಉಳಿದಿಲ್ಲವಲ್ಲ! ಭಾವ ಪರದೆಯ ಹತ್ತಿರ ಬಾಗಿ ಬೋರ್ಡನ್ನೂ ಕಿಟಕಿಯನ್ನೂ ನೋಡಿದರು. ಬ್ರೇಕು ಹಾಕಿದ ತಮ್ಮ ಎಡಗೈ ನೋಡಿಕೊಂಡರು.

"ಇದು ಕಣ್ಣಲ್ಲ. ಬೋರ್ಡ್ ನನಗ ದೂರದಿಂದನ ಕಂಡಿತ್ತು. ಕೈ ತಡಾ ಮಾಡ್ತು. ನಾಕು ವಾರ ಗಾಡಿ ಮುಟ್ಟಿಲ್ಲಲ್ಲ, ಮತ್ತೇನಾಗತೈತಿ? ತಪ್ಪು ನಂದ!"

ಇಪ್ಪತ್ತೈದು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವನು ನಾನು. ತಪ್ಪು ತನ್ನದೆಂದು ಖಾತ್ರಿಯಾದದ್ದಕ್ಕೆ ಇಷ್ಟು ಖುಷಿಪಟ್ಟ ಮನುಷ್ಯನನ್ನು ಕಂಡವನಲ್ಲ.

"ಹಿಂದಕ ಹಾಕು. ಮುಂಬ್ರಾದಿಂದ" ಎಂದರು.

ಹಾಕಿದೆ. ಎರಡನೆಯ ಸಲ ಅರ್ಧ ಡಬ್ಬಿ ಮೊದಲೇ ನಿಂತಿತು. "ಹೆದರಿದೆ" ಎಂದರು. ಮೂರನೆಯ ಸಲ ಒಂದು ಮೊಳ ಹೆಚ್ಚು. "ಮತ್ತ." ನನ್ನ ಲೋಟಕ್ಕೆ ತಗ್ಗು ಬಿತ್ತು. ಕಂಪ್ಯೂಟರು ಹೊಸ ವಿಂಡೋಸಿಗೆ ಅರ್ಹವಲ್ಲವಾದರೆ ಬೇಡ. ವೈರಸ್ಸಿನ ಭಯವೂ ಬೇಡವೆಂದು ಇಂಟರ್ನೆಟ್ಟಿನ ವಾಯರು ಕಿತ್ತಿಟ್ಟಿದ್ದೇನೆ, ಈ ಅಂಕಣವನ್ನು ವಿನಯಾಳ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಿದ್ದೇನೆ. ಅದು ಇನ್ನು ಬರೀ ಗಾಡಿ.

ಒಂದೂವರೆಗೆ ಅಕ್ಕನ ಫೋನು. "ಊಟಕ್ಕ ಯಾವಾಗ ಬರ್ತಾರಂತ? ಎಲ್ಲಿದ್ದಾರ?"

"ಇನ್ನೂ ಕಳವಾ ಸ್ಟೇಷನ್ನಿನಲ್ಲೇ ಇದ್ದಾರೆ ಅಕ್ಕಾ" ಎಂದೆ. ಅಕ್ಕ ಮೂರು ವಾರಗಳಲ್ಲಿ ಮೊದಲ ಸಲ ನಕ್ಕಳು.

ಮೇಲ್ದರ್ಜೆಗೇರಿಸುವುದೋ ಬದಲಾಯಿಸುವುದೋ ಎಂಬ ಪ್ರಶ್ನೆ, ಎರಡೂ ಅಲ್ಲವೆಂದು, ಕಳವಾದ ಒಂದನೆಯ ಪ್ಲಾಟ್‌ಫಾರ್ಮಿನಲ್ಲಿ ಹದಿನಾರನೆಯ ಪ್ರಯತ್ನದಲ್ಲಿ ಗಾಡಿ ಬೋರ್ಡಿಗೆ ಸರಿಸಮ ನಿಂತಾಗ ಇತ್ಯರ್ಥವಾಯಿತು: ಭಾನುವಾರ, ೯ ನವೆಂಬರ್ ೨೦೨೫.